ಪರಿಹಾರದ ಹಣ ಪಡೆದರೆ ಇಎಸ್‌ಐ ಭತ್ಯೆ ಕೈತಪ್ಪುತ್ತದೆಯೇ?

ಪವರ್ ಪ್ರೆಸ್‌ಗೆ ಸಿಕ್ಕಿ ಎರಡು ಬೆರಳು ಹೋದ ಕಾರ್ಮಿಕನ ಕೈಗೆ ಪಟ್ಟಿ ಕಟ್ಟುತ್ತಿರುವಾಗ ಪಕ್ಕದಲ್ಲಿ ಮೇಲ್ವಿಚಾರಕರು ನಿಂತಿರುತ್ತಾರೆ. ‘ಏನಾಯಿತು?’ ಎಂದು ವೈದ್ಯರು ಕೇಳಿದರೆ ಉತ್ತರ ಬರುವುದು ಅವರ ಬಾಯಿಂದ: ‘ಮನೆಯಲ್ಲಿ ಬಾಗಿಲಿಗೆ ಸಿಕ್ಕಿತಂತೆ.’ ಚೀಟಿಯ ಮೇಲೂ ಅದೇ ಸಾಲು ಇಳಿಯುತ್ತದೆ. ವಾರದ ಬಳಿಕ ಮಾಲೀಕರು ₹50,000 ಕೊಟ್ಟು ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಳ್ಳುತ್ತಾರೆ. ಪರಿಹಾರ ಸಿಕ್ಕಿತಲ್ಲ ಎಂದು ಮನೆಯವರಿಗೂ ಸಮಾಧಾನ. ಬದುಕಿರುವಷ್ಟು ಕಾಲ ತಿಂಗಳು ತಿಂಗಳು ಬರಬೇಕಾಗಿದ್ದ ಹಣ ಆ ಒಂದು ಸಾಲಿನಿಂದಾಗಿ ಕೈತಪ್ಪುತ್ತಿದೆ ಎಂಬುದು ಆಗ ಯಾರಿಗೂ ಹೊಳೆಯುವುದಿಲ್ಲ.

ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆ ಕಟ್ಟುವವರಿಗೆ ಗಾಯವಾದಾಗ ಪರಿಹಾರವೂ ಭತ್ಯೆಯೂ ಒಂದನ್ನೊಂದು ಹೇಗೆ ತಟ್ಟುತ್ತವೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲನೆಯದು: ಗಾಯದ ಕಾರಣ ಸರಿಯಾಗಿ ದಾಖಲಾಗಲಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ. ಕೆಲಸದ ನಡುವೆ, ಕೆಲಸದ ಕಾರಣಕ್ಕೆ ಆದ ಗಾಯ ‘ಉದ್ಯೋಗ ಗಾಯ’ ಎನಿಸಿಕೊಳ್ಳುತ್ತದೆ. ಉಳಿದದ್ದೆಲ್ಲ ಸಾಮಾನ್ಯ ಕಾಯಿಲೆಯ ಲೆಕ್ಕಕ್ಕೆ ಹೋಗುತ್ತದೆ. ಇವೆರಡರ ನಡುವಿನ ಅಂತರ ಸಣ್ಣದಲ್ಲ.

ದಿನದ ಸರಾಸರಿ ಕೂಲಿ ₹600 ಎಂದಿಟ್ಟುಕೊಳ್ಳಿ. ಕಾಯಿಲೆ ಭತ್ಯೆ ಕೂಲಿಯ ಶೇ 70, ಅಂದರೆ ದಿನಕ್ಕೆ ₹420. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಇದು ಸಿಗುವುದಿಲ್ಲ. ವರ್ಷಕ್ಕೆ ಹೆಚ್ಚೆಂದರೆ 91 ದಿನ. ಅದನ್ನು ಪಡೆಯಲು ಹಿಂದಿನ ವಂತಿಗೆ ಅವಧಿಯಲ್ಲಿ (ಆರು ತಿಂಗಳು) 78 ದಿನಗಳ ವಂತಿಗೆ ಸಂದಾಯವಾಗಿರಬೇಕು.

ಉದ್ಯೋಗ ಗಾಯವಾದರೆ ತಾತ್ಕಾಲಿಕ ಅಶಕ್ತತೆ ಭತ್ಯೆ ಶೇ 90, ದಿನಕ್ಕೆ ₹540. ಕೆಲಸಕ್ಕೆ ಮರಳುವಷ್ಟು ವಾಸಿಯಾಗುವವರೆಗೆ ಅದು ಬರುತ್ತಲೇ ಇರುತ್ತದೆ. ಇಷ್ಟು ದಿನ ವಂತಿಗೆ ಕಟ್ಟಿರಲೇಬೇಕೆಂಬ ಷರತ್ತೂ ಇಲ್ಲ. ನಿನ್ನೆ ಸೇರಿದವರಿಗೂ ಈ ಹಕ್ಕು ಇದೆ. ಶಾಶ್ವತ ನಷ್ಟ ಉಳಿದರೆ ಅದರ ಪ್ರಮಾಣಕ್ಕೆ ತಕ್ಕಂತೆ ಜೀವನಪರ್ಯಂತ ಭತ್ಯೆ. ಒಂದು ಕೈಯ ಎರಡು ಬೆರಳು ಹೋದರೆ ಗಳಿಕೆ ಸಾಮರ್ಥ್ಯದ ನಷ್ಟ ಶೇ 20 ಎಂದು ಕಾಯ್ದೆಯ ಅನುಸೂಚಿಯೇ ಹೇಳುತ್ತದೆ. ₹540ರ ಶೇ 20 ಎಂದರೆ ದಿನಕ್ಕೆ ₹108, ವರ್ಷಕ್ಕೆ ₹39,420. ಮಾಲೀಕರು ಕೊಟ್ಟ ₹50,000ವನ್ನು ಈ ಭತ್ಯೆ ಹದಿನಾರನೆಯ ತಿಂಗಳಿಗೇ ದಾಟಿಬಿಡುತ್ತದೆ.

ಆದ್ದರಿಂದ ವೈದ್ಯರಿಗೆ ನಡೆದದ್ದನ್ನು ನೀವೇ ಹೇಳಿ. ನಿಮ್ಮಿಂದ ಆಗದಿದ್ದರೆ ಮನೆಯವರು ಹೇಳಲಿ. ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ದಿನ, ಹೊತ್ತು, ಯಂತ್ರ, ಕಂಡವರ ಹೆಸರು ಬರೆಸಿ, ಅದರ ಫೋಟೊ ತೆಗೆದುಕೊಳ್ಳಿ. ಮಾಲೀಕರು ಅಪಘಾತದ ವರದಿಯನ್ನು ಇಎಸ್‌ಐ ಶಾಖಾ ಕಚೇರಿಗೆ ಕಳುಹಿಸಬೇಕು. ಕಳುಹಿಸದಿದ್ದರೆ ನೀವೇ ಲಿಖಿತವಾಗಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಎರಡನೆಯದು: ಮಾಲೀಕರು ಕೊಡುವ ಹಣ ಯಾವ ಹೆಸರಿನಲ್ಲಿ ಬರುತ್ತಿದೆ ನೋಡಿ

ಇಎಸ್‌ಐ ಬಡತನ ನೋಡಿ ಕೊಡುವ ನೆರವಲ್ಲ, ವಂತಿಗೆ ಕಟ್ಟಿ ಪಡೆದ ವಿಮೆ. ಬ್ಯಾಂಕ್ ಖಾತೆಯಲ್ಲಿ ಎಷ್ಟಿದೆ ಎಂದು ಯಾರೂ ಕೇಳುವುದಿಲ್ಲ. ಮಾಲೀಕರು ಸಹಾಯವೆಂದು ಹಣ ಕೊಟ್ಟರೆ ಅದರಿಂದಾಗಿ ಭತ್ಯೆ ಕಡಿತವಾಗುವುದಿಲ್ಲ. ಆದರೆ ಅದೇ ಹಣವನ್ನು ರಜೆಯ ದಿನಗಳ ಸಂಬಳವೆಂದು ತೋರಿಸಿದರೆ ಮಾತು ಬೇರೆ. ಸಂಬಳ ಪಡೆದ ದಿನಕ್ಕೆ ಕಾಯಿಲೆ ಭತ್ಯೆಯಾಗಲಿ ತಾತ್ಕಾಲಿಕ ಅಶಕ್ತತೆ ಭತ್ಯೆಯಾಗಲಿ ಸಿಗುವುದಿಲ್ಲ. ಹಾಗಾಗಿ ರಸೀದಿಯಲ್ಲಿ ‘ಸಹಾಯಧನ’ ಎಂದು ಸ್ಪಷ್ಟವಾಗಿ ಬರೆಸಿ. ಶಾಶ್ವತ ಅಶಕ್ತತೆ ಭತ್ಯೆಗೆ ಈ ತೊಡಕಿಲ್ಲ. ಕೆಲಸಕ್ಕೆ ಮರಳಿ ಪೂರ್ತಿ ಸಂಬಳ ಎಣಿಸುತ್ತಿದ್ದರೂ ಅದು ಬರುತ್ತದೆ.

‘ಇನ್ನು ಯಾವ ಹಕ್ಕೂ ಇಲ್ಲ’ ಎಂಬ ಛಾಪಾ ಕಾಗದಕ್ಕೆ ಹೆದರಬೇಡಿ. ಭತ್ಯೆ ಕೊಡುವುದು ಇಎಸ್‌ಐ ನಿಗಮ. ಮಾಲೀಕರು ತಮ್ಮದಲ್ಲದ ಹಣವನ್ನು ನಿಮ್ಮಿಂದ ಬರೆಸಿಕೊಳ್ಳಲು ಬರುವುದಿಲ್ಲ. ನಿಜವಾಗಿ ಪೆಟ್ಟು ಕೊಡುವುದು ಆ ಕಾಗದದ ನಡುವೆ ಎಲ್ಲೋ ಸೇರಿಕೊಂಡಿರುವ ‘ಗಾಯ ಕೆಲಸದಲ್ಲಿ ಆದದ್ದಲ್ಲ’ ಎಂಬ ಸಾಲು. ಓದದೆ, ಓದಿಸದೆ ಸಹಿ ಹಾಕಬೇಡಿ.

ಮೂರನೆಯದು: ಎರಡು ಕಡೆ ಅರ್ಜಿ ಹಾಕುವ ಮುನ್ನ

ಇಎಸ್‌ಐ ಅಡಿ ಉದ್ಯೋಗ ಗಾಯದ ಹಕ್ಕಿರುವವರು ಅದೇ ಗಾಯಕ್ಕೆ ಮಾಲೀಕರಿಂದ ಬೇರೆ ಕಾನೂನಿನಡಿ ಪರಿಹಾರ ಕೇಳುವಂತಿಲ್ಲ. 1948ರ ಇಎಸ್‌ಐ ಕಾಯ್ದೆಯ 53ನೇ ಸೆಕ್ಷನ್ ಹೇಳಿದ್ದು ಇದನ್ನೇ. ಸಿವಿಲ್ ನ್ಯಾಯಾಲಯದಲ್ಲಿ ಮಾಲೀಕರ ಮೇಲೆ ನಷ್ಟಪರಿಹಾರದ ದಾವೆ ಹೂಡಲೂ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ತೀರ್ಪಿತ್ತಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ನೌಕರರ ಪರಿಹಾರದ ಅಧ್ಯಾಯವಿರುವುದು ಇಎಸ್‌ಐ ಅಧ್ಯಾಯ ಅನ್ವಯಿಸದವರಿಗಾಗಿ.

ರಸ್ತೆ ಅಪಘಾತದಲ್ಲಿ ಇದು ಇನ್ನಷ್ಟು ಸಿಕ್ಕಾಗುತ್ತದೆ. ಭಾನುವಾರ ನೆಂಟರ ಮನೆಗೆ ಹೋಗುವಾಗ ಲಾರಿ ಗುದ್ದಿದರೆ ಗೊಂದಲವಿಲ್ಲ: ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೂ ಹೋಗಬಹುದು, ಕಾಯಿಲೆ ಭತ್ಯೆಯನ್ನೂ ಪಡೆಯಬಹುದು. ಆದರೆ 2010ರ ತಿದ್ದುಪಡಿಯ ನಂತರ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ ಹೋಗಿಬರುವ ದಾರಿಯಲ್ಲಿ ಆದ ಅಪಘಾತವೂ, ಹೊತ್ತು ಮತ್ತು ಜಾಗ ಕೆಲಸಕ್ಕೆ ಹೊಂದಿಕೆಯಾದರೆ, ಉದ್ಯೋಗ ಗಾಯ. ಆಗ ಎದುರು ವಾಹನದ ವಿಮಾ ಕಂಪನಿ ‘ಇವರಿಗೆ ಇಎಸ್‌ಐ ಇದೆ, ನಮ್ಮಿಂದ ಕೇಳುವಂತಿಲ್ಲ’ ಎಂದು ವಾದಿಸುತ್ತದೆ. ತಪ್ಪು ಮಾಡಿದ್ದು ಮಾಲೀಕರಲ್ಲದ ಮೂರನೆಯವರಾದಾಗ ಹೈಕೋರ್ಟ್‌ಗಳೆಲ್ಲ ಒಂದೇ ದಾರಿ ಹಿಡಿದಿಲ್ಲ. ಆದ್ದರಿಂದ ಅಶಕ್ತತೆ ಭತ್ಯೆಗೆ ಅರ್ಜಿ ಹಾಕುವ ಮೊದಲೇ ಅಪಘಾತ ಪ್ರಕರಣ ನಡೆಸುವ ವಕೀಲರನ್ನು ಕಾಣಿರಿ. ನೀವು ಒಂದು ಕಡೆ ಬರೆದದ್ದನ್ನು ವಿಮಾ ಕಂಪನಿ ಇನ್ನೊಂದು ಕಡೆ ತೋರಿಸದೆ ಇರುವುದಿಲ್ಲ. ಇಎಸ್‌ಐ ಆಸ್ಪತ್ರೆಯಲ್ಲಿ ಉಚಿತವಾಗಿ ಆದ ಚಿಕಿತ್ಸೆಯ ವೆಚ್ಚವನ್ನು ನ್ಯಾಯಮಂಡಳಿಯ ಮುಂದೆ ಸೇರಿಸಬೇಡಿ. ಕೈಯಿಂದ ಕೊಟ್ಟ ಹಣದ ಬಿಲ್ಲುಗಳನ್ನಷ್ಟೇ ಜೋಡಿಸಿ.

ಒಂದೇ ಅವಧಿಗೆ ಕಾಯಿಲೆ ಭತ್ಯೆಯನ್ನೂ ತಾತ್ಕಾಲಿಕ ಅಶಕ್ತತೆ ಭತ್ಯೆಯನ್ನೂ ಪಡೆಯಲು ಬರುವುದಿಲ್ಲ. ಎರಡಕ್ಕೂ ಅರ್ಹರಾದವರು ಶೇ 90ರದ್ದನ್ನೇ ಆರಿಸಿಕೊಳ್ಳಲಿ.

ನಾಲ್ಕನೆಯದು: ಎರಡು ಶೇಕಡಾವಾರುಗಳನ್ನು ಬೆರೆಸಬೇಡಿ

ಇಎಸ್‌ಐ ವೈದ್ಯಕೀಯ ಮಂಡಳಿ ಅಳೆಯುವುದು ಗಳಿಕೆ ಸಾಮರ್ಥ್ಯದ ನಷ್ಟವನ್ನು. ಅಂಗವಿಕಲರ ಗುರುತಿನ ಚೀಟಿಗಾಗಿ ವೈದ್ಯರು ಅಳೆಯುವುದು ದೇಹದ ನ್ಯೂನತೆಯನ್ನು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಹಲವು ಸೌಲಭ್ಯಗಳಿಗೆ ಬೇಕಾದ ಶೇ 40 ಎಂಬ ಗೆರೆ ಎರಡನೆಯದಕ್ಕೆ ಸೇರಿದ್ದು. ಒಂದರಲ್ಲಿ ಕಡಿಮೆ ಬಂತೆಂದು ಇನ್ನೊಂದನ್ನು ಕೈಬಿಡಬೇಡಿ. ಮಂಡಳಿ ಬರೆದ ಪ್ರಮಾಣ ಕಡಿಮೆಯಾಯಿತು ಅನ್ನಿಸಿದರೆ ಮೇಲ್ಮನವಿಗೆ ಅವಕಾಶವಿದೆ.

ಸರ್ಕಾರದ ಅಂಗವಿಕಲ ಮಾಸಾಶನದ ಲೆಕ್ಕ ಬೇರೆ. ಅದಕ್ಕೆ ಕುಟುಂಬದ ಆದಾಯದ ಮಿತಿ ಇದೆ. ಪರಿಹಾರದ ದೊಡ್ಡ ಮೊತ್ತವನ್ನು ಠೇವಣಿ ಇಟ್ಟರೆ ಬರುವ ಬಡ್ಡಿ ಆದಾಯವೇ. ಇಎಸ್‌ಐ ಭತ್ಯೆಯನ್ನು ತಟ್ಟದ ಹಣ ಇಲ್ಲಿ ತಟ್ಟಬಹುದು. ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ ಅದನ್ನು ಮುಚ್ಚಿಡಬೇಡಿ. ಅನರ್ಹರಾಗಿದ್ದು ಪಡೆದ ಹಣವನ್ನು ಮುಂದೆ ಮರಳಿಸಬೇಕಾಗುತ್ತದೆ.

ಶಾಖಾ ಕಚೇರಿಗೆ ಹೋಗುವಾಗ ಮೊದಲ ದಿನದ ಆಸ್ಪತ್ರೆ ಚೀಟಿ, ಅಪಘಾತ ಪುಸ್ತಕದ ಫೋಟೊ, ರಜೆಯ ವೈದ್ಯಕೀಯ ಪ್ರಮಾಣಪತ್ರಗಳು ಮತ್ತು ಮಾಲೀಕರು ಕೊಟ್ಟ ಹಣದ ರಸೀದಿಯನ್ನು ಒಂದೇ ಫೈಲಿನಲ್ಲಿ ದಿನಾಂಕದ ಕ್ರಮದಲ್ಲಿ ಜೋಡಿಸಿಕೊಳ್ಳಿ. ಮೊದಲ ಚೀಟಿಯಲ್ಲಿ ಕಾರಣ ತಪ್ಪಾಗಿ ಬಿದ್ದಿದ್ದರೆ, ಯಂತ್ರದ ಪಕ್ಕದಲ್ಲಿದ್ದ ಸಹೋದ್ಯೋಗಿಯ ಲಿಖಿತ ಹೇಳಿಕೆಯನ್ನೂ ಅದರೊಡನೆ ಇಟ್ಟುಕೊಂಡು ಹೋಗಿ.