ಅಮ್ಮನ ಮಾರಿಸ್ ಮೈನರ್ ಮತ್ತೆ ರೋಡಿಗಿಳಿಸಿದ ನನ್ನ ಅನುಭವ

ತೀರಿಕೊಂಡೋರ ಗಾಡಿ ರಿಸ್ಟೋರ್ ಮಾಡ್ಬೇಕು ಅಂತ ಹೊರಟೋರಿಗೆ ನಾನು ಮೊದ್ಲು ಹೇಳೋದು, ಸ್ಪ್ಯಾನರ್ ಹಿಡಿಯೋಕ್ ಮುಂಚೆ ಕ್ಯಾಮೆರಾ ಹಿಡೀರಿ. ನೀರು ಹಾಕಿ ತೊಳೀಬೇಡಿ, ಡ್ಯಾಶ್‌ಬೋರ್ಡ್ ಒರೆಸ್ಬೇಡಿ, ಸೀಟ್ ಕೆಳಗಿನ ಕಸ ಕೂಡ ಗುಡಿಸ್ಬೇಡಿ. ಮೊದ್ಲು ಒಂದೊಂದು ಮೂಲೆ ಫೋಟೋ ತೆಗೀರಿ, ಯಾಕಂದ್ರೆ ಹಳೇ ಗಾಡಿಗೆ ಹೊಸ ಪಾರ್ಟ್ ಎಲ್ಲಾದ್ರೂ ಸಿಗತ್ತೆ, ಆದ್ರೆ ಓಡಿಸ್ತಿದ್ದೋರ ಗುರುತು ಒಂದ್ಸಲ ಥಿನ್ನರ್ ಬಟ್ಟೆ ಆಡಿಸಿದ್ರೆ ಹೋಯ್ತು ಅಷ್ಟೇ.

ನಮ್ದು 1958ರ ಮಾರಿಸ್ ಮೈನರ್ 1000 ಅನ್ನೋ ಬ್ರಿಟಿಷ್ ಕಾರು, 948 ಸಿಸಿ ಇಂಜಿನ್, ಹೊಸದಾಗಿದ್ದಾಗ 37 ಹಾರ್ಸ್‌ಪವರ್. ಓಡಿಸ್ತಿದ್ದೋಳು ಅಮ್ಮ. ಈ ಗಾಡಿ ಮೊದಲು ಬಂದಿದ್ದು 1948ರಲ್ಲಿ, ಆಮೇಲೆ ಮಿನಿ ಕಾರು ಮಾಡಿದ ಅಲೆಕ್ ಇಸಿಗೋನಿಸ್ ಅವರದ್ದೇ ಡಿಸೈನ್, ಮಾಡೆಲ್ ಇನ್ನೇನು ಫೈನಲ್ ಅನ್ನೋ ಹೊತ್ತಿಗೆ ಗಾಡಿ ಯಾಕೋ ಸಣ್ಣಗಿದೆ ಅನ್ನಿಸಿ ಉದ್ದಕ್ಕೆ ಎರಡು ಹೋಳು ಮಾಡಿಸಿ ಮಧ್ಯೆ 4 ಇಂಚು ಜಾಗ ಬಿಟ್ಟು ನೋಡಿದ್ರಂತೆ, ಅದೇ ಸರಿ ಅಂತ ಆಯ್ತು. ಬಾನೆಟ್ ಮಧ್ಯದಲ್ಲಿ ಉದ್ದಕ್ಕೆ ಒಂದು ಅಗಲವಾದ ಪಟ್ಟಿ ಇದ್ಯಲ್ಲ, ಅದು ಆ 4 ಇಂಚಿನ ಕಥೆ. ಅಮ್ಮಂಗೆ ಈ ಕಥೆ ಎಲ್ಲಾ ಗೊತ್ತಿತ್ತು, ಆದ್ರೆ ಗಾಡಿ ಬಗ್ಗೆ ಭಕ್ತಿ ಗಿಕ್ತಿ ಏನೂ ಇರಲಿಲ್ಲ. ಪಾಲಿಶ್ ಹಾಕಿದ್ದು ನಾನು ನೋಡೇ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗ್ಬೇಕು, ಬ್ರೇಕ್ ಹಿಡೀಬೇಕು, ಮಳೆ ಒಳಗೆ ಬರಬಾರ್ದು, ಅಷ್ಟೇ ಅವಳ ಲೆಕ್ಕ. ಟ್ಯಾಪೆಟ್ ಸೆಟ್ಟಿಂಗ್ (ಇಂಜಿನ್ ವಾಲ್ವ್‌ಗಳ ಸಂದು ಸರಿ ಮಾಡೋದು), ಪಾಯಿಂಟ್ ಗ್ಯಾಪ್ (ಪ್ಲಗ್ಗಿಗೆ ಕಿಡಿ ಕೊಡೋ ಪಾಯಿಂಟಿನ ಸಂದು) ಎಲ್ಲಾ ತಾನೇ ಮಾಡ್ಕೋತಿದ್ಲು.

ಹಾಗಾಗಿ ಏನೇ ಡಿಸೈಡ್ ಮಾಡೋದಿದ್ರೂ ನಾನು ಅದೇ ಅಳತೆ ಇಟ್ಕೊಂಡೆ. ಶೋಗೆ ನಿಲ್ಲಿಸೋ ಗಾಡಿ ಅಲ್ಲ, ಓಡೋ ಗಾಡಿ. ಫ್ಯಾಕ್ಟರಿಯಿಂದ ಹೆಂಗ್ ಬಂದಿತ್ತೋ ಹಂಗೇ ಇರ್ಬೇಕು ಅನ್ನೋರು ಬೇಕಾದಷ್ಟು ಜನ ಇದಾರೆ, ತಪ್ಪಲ್ಲ, ಆದ್ರೆ ಫ್ಯಾಕ್ಟರಿ ಕಂಡೀಷನ್‌ಗೆ ತಂದ್ರೆ ಅದು 1958ರ ಗಾಡಿ ಆಗತ್ತೆ, ಅಮ್ಮನ ಗಾಡಿ ಆಗಲ್ಲ.

ಫೋಟೋ ತೆಗೆಯೋವಾಗ್ಲೇ ಕಣ್ಣಿಗೆ ಬಿದ್ದಿದ್ದು ನೇಲ್ ಪಾಲಿಶ್. ಇಂಜಿನ್ ಮುಂದೆ ತಿರುಗೋ ಕ್ರ್ಯಾಂಕ್ ಪುಲ್ಲಿ ಮೇಲೆ ಟೈಮಿಂಗ್, ಅಂದ್ರೆ ಪ್ಲಗ್ ಕಿಡಿ ಯಾವಾಗ ಬರತ್ತೆ ಅಂತ ನೋಡೋಕೆ ಒಂದು ಸಣ್ಣ ಕಚ್ಚು ಇರತ್ತೆ, ಅದನ್ನ ನೋಡ್ಬೇಕು ಅಂದ್ರೆ ಟೈಮಿಂಗ್ ಕವರ್ ತಳಕ್ಕೆ ಬಗ್ಗಿ ಇಣುಕ್ಬೇಕು, ಎಣ್ಣೆ ಜಿಡ್ಡಲ್ಲಿ ಕಾಣೋದೂ ಇಲ್ಲ, ಅಮ್ಮ ಆ ಕಚ್ಚಿಗೆ ಕೆಂಪು ನೇಲ್ ಪಾಲಿಶ್ ತುಂಬಿದ್ಲು. ಎಸ್‌ಯು ಕಂಪನಿ ಕಾರ್ಬುರೇಟರ್ ತಳದಲ್ಲಿರೋ ಜೆಟ್ ನಟ್ಟಿನ ಒಂದು ಮುಖಕ್ಕೂ ಅದೇ ಕೆಂಪು, ಪೆಟ್ರೋಲ್-ಗಾಳಿ ಮಿಕ್ಸ್ಚರ್ ಸರಿ ಮಾಡೋಕೆ ನಟ್ ತಿರುಗಿಸಿದ್ರೆ ಎಷ್ಟು ತಿರುಗ್ತು ಅಂತ ಲೆಕ್ಕ ಸಿಗಲಿ ಅಂತ. ಟ್ಯಾಪೆಟ್ ಕವರ್ ಒಳಗಡೆ ಏನೋ ಕೆರೆದು ಬರೆದಿದ್ದು ಕಾಣ್ತು, ಸೀಮೆಎಣ್ಣೆ ಬಟ್ಟೇಲಿ ಮೆಲ್ಲಗೆ ಒರೆಸಿದ್ರೆ "12". ಈ ಇಂಜಿನ್ನಿಗೆ ಟ್ಯಾಪೆಟ್ ಗ್ಯಾಪ್ 0.012 ಇಂಚು. ಬಾಡಿ ಮೇಲೆ ಒಂದು ಸ್ಟಿಕ್ಕರ್ ಕೂಡ ಅಂಟಿಸ್ದೇ ಇದ್ದೋಳು ಒಳಗಡೆ ಇಷ್ಟೆಲ್ಲಾ ಬರ್ಕೊಂಡಿದಾಳೆ ನೋಡಿ. ಇಂಜಿನ್ ತೊಳೆಯೋವಾಗ ಈ ಮೂರು ಜಾಗಕ್ಕೆ ಡಿಗ್ರೀಸರ್ ಸೋಕಿಸ್ಲಿಲ್ಲ, ಕೈಯಲ್ಲೇ ಒರೆಸಿದೆ.

ವರ್ಷಗಟ್ಲೆ ನಿಂತ ಇಂಜಿನ್ನಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡಿಯೋ ಆಸೆ ಎಲ್ರಿಗೂ ಬರತ್ತೆ. ಬೇಡ. ಪಿಸ್ಟನ್ ರಿಂಗ್ ಸಿಲಿಂಡರ್ ಗೋಡೆಗೆ ಹಿಡ್ಕೊಂಡಿದ್ರೆ ರಿಂಗ್ ಮುರಿಯತ್ತೆ, ಗೋಡೆ ಗೀರತ್ತೆ. ನಾಲ್ಕೂ ಪ್ಲಗ್ ಬಿಚ್ಚಿ ತೆಳು ಎಣ್ಣೆ ಬಿಟ್ಟು ಒಂದಷ್ಟು ದಿನ ಹಂಗೇ ಬಿಟ್ಟೆ, ಹಳೇ ಇಂಜಿನ್ ಆಯಿಲ್ ಇಳಿಸಿ ಹೊಸದು ತುಂಬಿದೆ, ಆಮೇಲೆ ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸಿದೆ. ಈ ಗಾಡಿಗೆ ಸ್ಟಾರ್ಟಿಂಗ್ ಹ್ಯಾಂಡಲ್ ಇರೋದು ದೊಡ್ಡ ಅನುಕೂಲ, ಇಂಜಿನ್ ಎಲ್ಲಿ ಬಿಗಿ ಎಲ್ಲಿ ಸಡಿಲ ಅಂತ ಕೈಗೇ ಗೊತ್ತಾಗತ್ತೆ. ತಿರುಗ್ತು. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನಾಲ್ಕರಲ್ಲೂ ಹತ್ತಿರ ಹತ್ತಿರ ಬಂತು, ಹಾಗಾಗಿ ಬ್ಲಾಕ್ ಬಿಚ್ಚೋಕೆ ಹೋಗ್ಲಿಲ್ಲ, ಮೇಲಿನ ಸಿಲಿಂಡರ್ ಹೆಡ್ ಮಾತ್ರ ಇಳಿಸಿ ಎಗ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟ್ ಕೂರಿಸಿದೆ. ಈ ಇಂಜಿನ್ ಮಾಡಿದ ಕಾಲಕ್ಕೆ ಪೆಟ್ರೋಲಲ್ಲಿ ಸೀಸ ಇರ್ತಿತ್ತು, ವಾಲ್ವ್ ಸೀಟ್ ಸವೀದೇ ಇರೋಕೆ ಅದು ಸಹಾಯ ಆಗ್ತಿತ್ತು, ಈಗಿನ ಪೆಟ್ರೋಲಲ್ಲಿ ಅದಿಲ್ಲ. ಹೆಂಗೂ ಹೆಡ್ ಕೈಗೆ ಬಂದಿದೆ ಅಂದ್ಮೇಲೆ ಆಗ್ಲೇ ಮಾಡಿಸ್ಬಿಡೋದು ವಾಸಿ. ಟ್ಯಾಪೆಟ್ ಸೆಟ್ ಮಾಡೋಕೆ ಒಂಬತ್ತರ ಲೆಕ್ಕ ಅಂತ ಒಂದಿದೆ, 8ನೇ ವಾಲ್ವ್ ಪೂರ್ತಿ ತೆರೆದಾಗ 1ನೇದು ಸೆಟ್ ಮಾಡೋದು, 6ನೇದು ತೆರೆದಾಗ 3ನೇದು, ಎರಡೂ ಕೂಡಿದ್ರೆ 9 ಬರ್ಬೇಕು. ಇದು ನಂಗೆ ಅಮ್ಮ ಹೇಳಿಕೊಟ್ಟಿದ್ದು, ಆಗ ನಾನು ಟಾರ್ಚ್ ಹಿಡಿಯೋ ಕೆಲಸದಲ್ಲಿದ್ದೆ.

ಇಂಜಿನ್ ನೋಡಿ ಖುಷಿ ಪಟ್ಕೊಂಡು ಗಾಡಿ ತಗೊಳೋರು, ರಿಸ್ಟೋರ್ ಶುರು ಮಾಡೋರು, ದಯವಿಟ್ಟು ಗಾಡಿ ಕೆಳಗೆ ಮಲ್ಕೊಂಡು ನೋಡಿ. ಮೈನರ್‌ಗೆ ಬೇರೆ ಚಾಸಿ ಇಲ್ಲ, ಬಾಡೀನೇ ಭಾರ ಹೊರೋದು, ಬಾಗಿಲ ಕೆಳಗಿನ ಸಿಲ್, ಫ್ಲೋರ್ ಕೆಳಗೆ ಅಡ್ಡ ಹೋಗೋ ಕ್ರಾಸ್ ಮೆಂಬರ್, ಹಿಂದಿನ ಪಟ್ಟಾ ಸ್ಪ್ರಿಂಗ್ ಸಿಕ್ಕಿಸೋ ಜಾಗ, ಈ ಮೂರು ತುಕ್ಕು ಹಿಡಿದಿದ್ರೆ ಮೇಲೆ ಎಷ್ಟೇ ಹೊಳೀತಿದ್ರೂ ಪ್ರಯೋಜನ ಇಲ್ಲ. ಕೆಳಗಡೆ ಕಪ್ಪು ಅಂಡರ್‌ಕೋಟಿಂಗ್ ದಪ್ಪಗೆ ಬಳಿದಿರ್ತಾರೆ, ಅದನ್ನ ನಂಬಬೇಡಿ, ಸ್ಕ್ರೂಡ್ರೈವರ್ ಹಿಡಿಯಲ್ಲಿ ತಟ್ಟುತ್ತಾ ಹೋಗಿ, ಗಟ್ಟಿ ಲೋಹದ ಶಬ್ದ ಬೇರೆ, ಸತ್ತ ಶಬ್ದ ಬೇರೆ. ನಮ್ದರಲ್ಲಿ ಡ್ರೈವರ್ ಕಡೆ ಸಿಲ್ ಒಣಗಿದ ಎಲೆ ಥರ ಉದುರ್ತು.

ಟಿಂಕರ್ ಕೆಲಸದವರು ಒಳ್ಳೇ ಅನುಭವಸ್ಥರು, ಆದ್ರೆ ಬಾಗಿಲು ಬಿಚ್ಚಿ ಆ ಕಡೆ ಇಟ್ಟು ಸಿಲ್ ಕತ್ತರಿಸೋಕೆ ರೆಡಿ ಆಗಿದ್ರು. ನಿಲ್ಲಿ ಅಂದೆ. ಸಿಲ್ ಕತ್ತರಿಸಿದ ಕೂಡ್ಲೇ ಗಾಡಿ ನಡು ಬಗ್ಗೋಕೆ ಶುರು ಮಾಡತ್ತೆ, ಕಣ್ಣಿಗೆ ಕಾಣಲ್ಲ, ಎಲ್ಲಾ ವೆಲ್ಡ್ ಆದ್ಮೇಲೆ ಬಾಗಿಲು ಹಾಕೋಕ್ ಹೋದ್ರೆ ಕೂರಲ್ಲ. ಬಾಗಿಲಿರೋ ಜಾಗಕ್ಕೆ ಅಡ್ಡಡ್ಡ ಕಬ್ಬಿಣದ ಪೈಪ್ ವೆಲ್ಡ್ ಮಾಡಿ ಬಿಗಿ ಮಾಡ್ಕೊಂಡು, ಬಾಗಿಲಿನ ಸುತ್ತ ಸಂದು ಎಲ್ಲೆಲ್ಲಿ ಎಷ್ಟಿದೆ ಅಂತ ಮೊದ್ಲೇ ಬರ್ಕೊಂಡು, ಒಂದು ಸಲಕ್ಕೆ ಒಂದೇ ಕಡೆ ಕತ್ತರಿಸ್ಬೇಕು. ಆಮೇಲೂ ಮಧ್ಯೆ ಮಧ್ಯೆ ಬಾಗಿಲು ಹಾಕಿ ನೋಡ್ತಾ ಇರ್ಬೇಕು. ನಿಧಾನದ ಕೆಲಸ, ಬೇಜಾರಾಗತ್ತೆ, ಆದ್ರೆ ಇಡೀ ಪ್ರಾಜೆಕ್ಟಲ್ಲಿ ಅವಸರ ಮಾಡಬಾರದ ಜಾಗ ಇದು. ತೂತು ಮುಚ್ಚೋಕೆ ಪುಟ್ಟಿ ತುಂಬೋರನ್ನ ಅಂತೂ ಹತ್ತಿರಕ್ಕೂ ಸೇರಿಸ್ಬೇಡಿ.

ಬ್ರೇಕ್ ವಿಷಯಕ್ಕೆ ಬಂದ್ರೆ ಸೆಂಟಿಮೆಂಟ್ ಪೂರ್ತಿ ಬಂದ್. ಅಮ್ಮ ಮುಟ್ಟಿದ್ದು, ಅಮ್ಮ ಹಾಕಿದ್ದು ಅಂತ ಒಂದು ವಾಷರ್ ಕೂಡ ಉಳಿಸ್ಲಿಲ್ಲ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಒಂದೇ ಸರ್ಕ್ಯೂಟು, ಎಲ್ಲೇ ಒಂದು ಕಡೆ ಸೋರಿದ್ರೂ ಕಾಲ್ ಬ್ರೇಕ್ ಪೂರ್ತಿ ಹೋಗತ್ತೆ, ಉಳಿಯೋದು ಹ್ಯಾಂಡ್ ಬ್ರೇಕ್ ಒಂದೇ. ಮುಂದಿನ ಒಂದೊಂದು ಚಕ್ರಕ್ಕೆ ಬ್ರೇಕ್ ಶೂ ತಳ್ಳೋ ಎರಡೆರಡು ವೀಲ್ ಸಿಲಿಂಡರ್. ಹಳೇ ರಬ್ಬರ್ ಹೋಸ್ ಹೊರಗೆ ಚೆನ್ನಾಗೇ ಕಾಣತ್ತೆ, ಒಳಗೆ ಊದಿಕೊಂಡಿರತ್ತೆ, ಪೆಡಲ್ ಒತ್ತಿದಾಗ ಆಯಿಲ್ ಹೋಗತ್ತೆ, ಬಿಟ್ಟಾಗ ವಾಪಸ್ ಬರಲ್ಲ, ಚಕ್ರ ಹಿಡ್ಕೊಂಡು ಬಿಸಿ ಆಗತ್ತೆ, ನಾವು ಶೂ ಅಡ್ಜಸ್ಟ್‌ಮೆಂಟ್ ಸರಿಯಿಲ್ಲ ಅಂತ ಅಲ್ಲೇ ತಿಣುಕಾಡ್ತಿರ್ತೀವಿ. ಪೈಪ್, ಹೋಸ್, ಸಿಲಿಂಡರ್ ಎಲ್ಲಾ ಒಟ್ಟಿಗೆ ಹೊಸದು ಹಾಕಿ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಎಲ್ಲಿದೆ ಗೊತ್ತಾ, ಡ್ರೈವರ್ ಕಾಲಡಿ, ಫ್ಲೋರ್ ಕೆಳಗಿನ ಬಾಕ್ಸ್ ಒಳಗೆ! ಆಯಿಲ್ ಚೆಕ್ ಮಾಡೋಕೆ ಕಾರ್ಪೆಟ್ ಎತ್ತಬೇಕು. ಅದರ ಉದ್ದದ ಬೋಲ್ಟ್ ಈಚೆ ಎಳೆಯೋಕೆ ಮುಂದಿನ ಸಸ್ಪೆನ್ಷನ್ನಿನ ಟಾರ್ಷನ್ ಬಾರ್ ಅಡ್ಡ ಬರತ್ತೆ. ಆ ಬಾರ್ ಅಂದ್ರೆ ತಿರುಚಿ ಬಿಗಿದಿಟ್ಟ ಸ್ಪ್ರಿಂಗ್, ಸಸ್ಪೆನ್ಷನ್ನಿನ ಕೆಳಗಿನ ತೋಳಿಗೆ ಜಾಕ್ ಕೊಡದೆ ಬಿಚ್ಚೋಕೆ ಹೋದ್ರೆ ಕೈ ಮುರಿಯೋಷ್ಟು ಜೋರಾಗಿ ಸಿಡಿಯತ್ತೆ. ಮತ್ತೆ ಹಾಕೋವಾಗ ಬೋಲ್ಟನ್ನ ಉಲ್ಟಾ ಕಡೆಯಿಂದ ಹಾಕಿದೆ, ಮುಂದಿನ ಸಲ ಬಾರ್ ಮುಟ್ಟೋ ಕೆಲಸ ಇರಲ್ಲ. ಹೀಗೆ ಮಾಡೋರು ತುಂಬ ಜನ ಇದಾರೆ.

ಅದೇ ಮುಂಭಾಗದಲ್ಲಿ ಟ್ರನಿಯನ್ ಅಂತ ಇನ್ನೊಂದಿದೆ. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗೋದು ಸ್ಕ್ರೂ ಥರ ಮರೆ (ಥ್ರೆಡ್) ಇರೋ ಈ ಪೀಸ್ ಮೇಲೆ. ಗ್ರೀಸ್ ಕಾಣ್ದೆ ಒಣಗಿದ್ರೆ ಮರೆ ಸವೆದು ಒಂದಿನ ಪೂರ್ತಿ ಕಳಚಿಕೊಂಡು ಚಕ್ರ ಮಡಚಿ ಗಾಡಿ ನೆಲಕ್ಕೆ ಕೂರತ್ತೆ. ಸಾವಿರ ಮೈಲಿಗೊಂದು ಸಲ ಗ್ರೀಸ್ ಗನ್ ಹಿಡೀರಿ, ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿ. ಅಮ್ಮ ಇದನ್ನ ಬಿಡದೆ ಮಾಡ್ತಿದ್ಲು ಅನ್ಸತ್ತೆ, ನಮ್ದರಲ್ಲಿ ಮರೆ ಇನ್ನೂ ಗಟ್ಟಿ ಇತ್ತು, ಆದ್ರೂ ಬದಲಾಯಿಸಿದೆ.

ವೈರಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಇಡೀ ಗಾಡಿಗೆ ಎರಡೇ ಫ್ಯೂಸು, ಬಟ್ಟೆ ಸುತ್ತಿದ ವೈರು, ಮುಟ್ಟಿದ್ರೆ ಪುಡಿ, ಹೊಸ ಹಾರ್ನೆಸ್ (ವೈರುಗಳ ಕಟ್ಟು) ಹಾಕಿದೆ. ಒಂದೇ ನೆನಪಿರಲಿ, ಇದು ಪಾಸಿಟಿವ್ ಅರ್ತ್ ಗಾಡಿ, ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗತ್ತೆ, ಗೊತ್ತಿಲ್ಲದೋರು ಬ್ಯಾಟರಿ ಹಾಕೋವಾಗ ಪಕ್ಕದಲ್ಲೇ ನಿಂತ್ಕೊಳಿ. ಟ್ರಾಫಿಕೇಟರ್ ಅಂತ ಬಾಗಿಲ ಹಿಂದಿನ ಕಂಬದಿಂದ ಕೈ ಥರ ಹೊರಗೆ ಬರೋ ಸಿಗ್ನಲ್ ಇದೆ, 1961ರ ತನಕ ಮೈನರ್‌ಗೆ ಅದೇ ಬರ್ತಿತ್ತು. ರಿಪೇರಿ ಮಾಡಿ ಉಳಿಸ್ಕೊಂಡಿದೀನಿ, ಜೊತೆಗೆ ಮಿನುಗೋ ಇಂಡಿಕೇಟರ್ ಕೂಡ ಹಾಕಿದೀನಿ, ಯಾಕಂದ್ರೆ ಈಗಿನವರಿಗೆ ಆ ಕೈ ನೋಡಿದ್ರೆ ಏನೋ ಕಳಚಿ ಬೀಳ್ತಿದೆ ಅನ್ಸತ್ತೆ.

ಪೇಂಟು. ಡ್ರೈವರ್ ಬಾಗಿಲಲ್ಲಿ ಕಿಟಕಿ ಅಂಚಿನ ಮೇಲೆ ಅಮ್ಮ ಮೊಣಕೈ ಇಡ್ತಿದ್ದ ಜಾಗ ಸವೆದು ಪೇಂಟ್ ಕೆಳಗಿನ ಪ್ರೈಮರ್ ಕಾಣ್ತಿತ್ತು, ಬೀಗದ ತೂತಿನ ಸುತ್ತ ಬೀಗದ ಕೈ ಗೊಂಚಲು ತಾಗಿ ತಾಗಿ ಅರ್ಧ ಚಂದ್ರದ ಆಕಾರದ ಗೀರು. ಪೇಂಟ್ ಮಾಡೋರು "ಇಷ್ಟೆಲ್ಲಾ ಮಾಡ್ಸಿ ಇದೊಂದ್ ಯಾಕ್ ಬಿಡ್ತೀರಾ ಸಾರ್, ನೋಡಿದೋರು ನನ್ ಕೆಲ್ಸಕ್ಕೆ ನಗ್ತಾರೆ" ಅಂತ ಬೇಜಾರ್ ಮಾಡ್ಕೊಂಡ್ರು. ಅವರು ಹೇಳೋದೂ ನ್ಯಾಯಾನೇ. ಕೊನೆಗೆ ಸಿಲ್, ಮಡ್‌ಗಾರ್ಡ್ ತಳ, ವೆಲ್ಡ್ ಆದ ಜಾಗ ಎಲ್ಲಾ ಹೊಸ ಬಣ್ಣ, ಆ ಬಾಗಿಲು ಮಾತ್ರ ಹಳೇದೇ, ಸವೆದ ಜಾಗಕ್ಕೆ ತುಕ್ಕು ಹಿಡೀದೇ ಇರ್ಲಿ ಅಂತ ಕ್ಲಿಯರ್ ಕೋಟ್. ಬಿಸಿಲಲ್ಲಿ ನಿಲ್ಲಿಸಿದ್ರೆ ಎರಡು ಬಣ್ಣ ಅಂತ ಗೊತ್ತಾಗತ್ತೆ. ಆಗ್ಲಿ.

ಸೀಟಲ್ಲಿ ಮಾತ್ರ ಉಳಿಸೋಕೆ ಆಗ್ಲಿಲ್ಲ. ಲೆದರ್ ಹೊಲಿಗೆ ಬಿಚ್ಚಿ ಅದನ್ನೇ ವಾಪಸ್ ಹೊಲಿಸಿದ್ವಿ, ಆದ್ರೆ ಒಳಗಿನ ಪ್ಯಾಡಿಂಗ್ ಪುಡಿ ಪುಡಿ ಆಗಿತ್ತು, ಹೊಸದು ತುಂಬಿದ್ಮೇಲೆ ಅಮ್ಮ ಕೂತು ಕೂತು ಆಗಿದ್ದ ಗುಂಡಿ ಹೋಯ್ತು. ಬೇರೆ ದಾರಿ ಇರಲಿಲ್ಲ, ಗೊತ್ತಿದ್ದೇ ಮಾಡ್ಸಿದ್ದು, ಆದ್ರೂ ಮೊದಲ ಸಲ ಕೂತಾಗ ಯಾರದೋ ಗಾಡೀಲಿ ಕೂತಂಗಾಯ್ತು.

ಅಮ್ಮ ಕುಳ್ಳಿ. ಈ ಗಾಡಿಯಲ್ಲಿ ಪೆಡಲ್‌ಗಳು ಫ್ಲೋರಿಂದ ಮೇಲಕ್ಕೆ ಬರತ್ತೆ, ಅವಳಿಗೆ ಕ್ಲಚ್ ಪೂರ್ತಿ ಒತ್ತೋಕೆ ಕಾಲು ಎಟುಕ್ತಿರ್ಲಿಲ್ಲ ಅಂತ ಕ್ಲಚ್ ಪೆಡಲ್ಲಿಗೆ ಒಂದು ಮರದ ತುಂಡು ಬೋಲ್ಟ್ ಮಾಡ್ಕೊಂಡಿದ್ಲು, ಮೇಲೆ ಟೈರ್ ರಬ್ಬರ್ ಹೊಡೆದು. ನಂಗೆ ಅದು ಇದ್ರೆ ಮೊಣಕಾಲು ಸ್ಟೀರಿಂಗಿಗೆ ತಾಗತ್ತೆ, ಬ್ರೇಕಿಂದ ಕ್ಲಚ್ಚಿಗೆ ಎತ್ತರದ ವ್ಯತ್ಯಾಸ ಅಪಾಯ ಬೇರೆ. ಬಿಚ್ಚಿ ತೆಗೆದಿಡೋಣ ಅಂತಿದ್ದೆ. ತಂಗಿ ಅಮ್ಮನಷ್ಟೇ ಎತ್ತರ, "ಬಿಚ್ಬೇಡ ಅಣ್ಣಾ, ನಾನೂ ಓಡಿಸ್ತೀನಿ" ಅಂದ್ಲು. ಹಳೇ ಮರ ಬಿರುಕು ಬಿಟ್ಟಿತ್ತು, ಅದೇ ಅಳತೆಗೆ ಗಟ್ಟಿ ಮರದಲ್ಲಿ ಹೊಸದು ಮಾಡಿ, ಹಿಂದೆ ಉಕ್ಕಿನ ಪ್ಲೇಟ್ ಕೊಟ್ಟು, ಎರಡು ಬೋಲ್ಟಿಗೆ ಲಾಕ್ ನಟ್ ಹಾಕಿದೀನಿ. ಅವಳು ಓಡ್ಸೋ ದಿನ ಹಾಕ್ತೀವಿ, ನಾನು ಓಡ್ಸೋ ದಿನ ತೆಗೀತೀವಿ. ಹಾಕಿದ್ಮೇಲೆ ಅಲ್ಲಾಡ್ತಿಲ್ಲ ಅಂತ ನೋಡದೇ ಹೊರಡೋ ಹಾಗಿಲ್ಲ, ಅದು ರೂಲು.

ಈಗ ಗಾಡಿ ಓಡ್ತಿದೆ. ಕೀ ತಿರುಗಿಸಿದ್ರೆ ಎಸ್‌ಯು ಎಲೆಕ್ಟ್ರಿಕ್ ಪಂಪ್ ಟಕ್ ಟಕ್ ಟಕ್ ಅಂತ ಹೊಡೆದು ಕಾರ್ಬುರೇಟರ್ ತುಂಬಿದ್ಮೇಲೆ ನಿಲ್ಲತ್ತೆ, ನಿಲ್ದೇ ಹೊಡೀತಾನೇ ಇದ್ರೆ ಪೆಟ್ರೋಲ್ ಖಾಲಿ, ಇಲ್ಲಾ ಎಲ್ಲೋ ಲೀಕ್ ಅಂತ ಅರ್ಥ. ಪೆಟ್ರೋಲ್ ಹೋಸ್ ಎಲ್ಲಾ ಎಥನಾಲ್ ತಡೆಯೋ ರಬ್ಬರಿಂದೇ ಹಾಕಿ, ಹಳೇ ರಬ್ಬರ್ ಎಥನಾಲ್ ಬೆರೆಸಿದ ಈಗಿನ ಪೆಟ್ರೋಲಿಗೆ ಬೇಗ ಮೆತ್ತಗಾಗಿ ಬಿರುಕು ಬಿಡತ್ತೆ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದ್ರೆ ಏನಾಗತ್ತೆ ಅಂತ ಹೇಳ್ಬೇಕಿಲ್ಲ. ತಿಂಗಳುಗಟ್ಲೆ ನಿಲ್ಲಿಸೋದಾದ್ರೆ ಟ್ಯಾಂಕ್ ಖಾಲಿ ಮಾಡಿ, ಎಥನಾಲ್ ನೀರು ಎಳ್ಕೊಂಡು ಟ್ಯಾಂಕ್ ಒಳಗೇ ತುಕ್ಕು ಹಿಡಿಯತ್ತೆ. ಇಂಜಿನ್ ಹಿಂದಿನ ತುದೀಲಿ ಒಂದೆರಡು ಹನಿ ಆಯಿಲ್ ಬೀಳತ್ತೆ, ಈ ಇಂಜಿನ್ನಿಗೆ ಅಲ್ಲಿ ಸರಿಯಾದ ಆಯಿಲ್ ಸೀಲೇ ಇಲ್ಲ, ಕೆಳಗೊಂದು ಟ್ರೇ ಇಟ್ಟಿದೀನಿ. ಸೆಕೆಂಡ್ ಗೇರ್ ಇಳಿಸೋವಾಗ ಕಿರ್ ಅನ್ನತ್ತೆ, ಗೇರುಗಳ ವೇಗ ಹೊಂದಿಸೋ ಸಿಂಕ್ರೋ ರಿಂಗ್ ಸವೆದಿರ್ಬೇಕು, ತಂಗಿ ದಿನಾ ಕಂಪ್ಲೇಂಟ್ ಹೇಳ್ತಾಳೆ. ಮಳೆಗಾಲ ಮುಗಿದ್ಮೇಲೆ ಗೇರ್‌ಬಾಕ್ಸ್ ಇಳಿಸೋದು ಅಂತ ಇದೆ, ಅಲ್ಲೀವರೆಗೆ ಡಬಲ್ ಕ್ಲಚ್ ಮಾಡು, ಅಂದ್ರೆ ನ್ಯೂಟ್ರಲ್‌ಗೆ ಒಂದ್ಸಲ, ಗೇರಿಗೆ ಇನ್ನೊಂದ್ಸಲ ಕ್ಲಚ್ ಒತ್ತು ಅಂದಿದೀನಿ ಅವಳಿಗೆ.