ಬಾಲಿಗೆ ಹೊರಡುವ ಮುಂಚೆ ಜ್ವಾಲಾಮುಖಿಯ ಸುದ್ದಿ ಓದೋದು ಹೇಗೆ?

2024ರ ನವೆಂಬರ್‌ನಲ್ಲಿ ಹುಬ್ಬಳ್ಳಿಯ ಹದಿನಾಲ್ಕು ಜನರನ್ನು ಕರೆದುಕೊಂಡು ಬಾಲಿಗೆ ಹೋಗಿದ್ದೆ. ವಾಪಸ್ ಹೊರಡುವ ದಿನ ವಿಮಾನ ನಿಲ್ದಾಣದಲ್ಲೇ ಸಿಕ್ಕಿಹಾಕಿಕೊಂಡೆವು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಬೋರ್ಡಿನಲ್ಲಿ ಮಾತ್ರ ಒಂದರ ಮೇಲೊಂದು ವಿಮಾನ ರದ್ದು. ನಮ್ಮ ಗುಂಪಿನ ಅಜ್ಜಿಯೊಬ್ಬರು ಕೇಳಿದರು, "ಅಲ್ಲ ಯವ್ವಾ, ಹೊಗಿನೂ ಇಲ್ಲ, ಬೆಂಕಿನೂ ಇಲ್ಲ. ಮತ್ತ್ಯಾಕ ವಿಮಾನ ಬಿಡವಲ್ರು?"

ಬೂದಿ ಉಗುಳುತ್ತಿದ್ದದ್ದು ಲೆವೊಟೋಬಿ ಜ್ವಾಲಾಮುಖಿ. ಅದು ಸುಮಾರು 800 ಕಿ.ಮೀ. ದೂರದ ಫ್ಲೋರೆಸ್ ದ್ವೀಪದಲ್ಲಿದೆ. ಬೂದಿ ಎಂದರೆ ಒಲೆಯ ಬೂದಿ ಅಂದುಕೊಳ್ಳಬೇಡಿ. ಅದು ಕಲ್ಲು ಮತ್ತು ಗಾಜಿನ ಪುಡಿ. ಎಂಜಿನ್ನಿನ ಬಿಸಿಗೆ ಕರಗಿ ಒಳಗೇ ಮೆತ್ತಿಕೊಳ್ಳುತ್ತದೆ. 1982ರ ಜೂನ್ 24ರ ರಾತ್ರಿ ಜಾವಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಗೆ ಸಿಕ್ಕ ಬ್ರಿಟಿಷ್ ಏರ್‌ವೇಸ್ ವಿಮಾನದ ನಾಲ್ಕೂ ಎಂಜಿನ್ ನಿಂತಿದ್ದವು. ಬೂದಿಯಿಂದ ಕೆಳಗಿಳಿದ ಮೇಲೆ ಎಂಜಿನ್ ಮತ್ತೆ ಹೊತ್ತಿಕೊಂಡು ಎಲ್ಲರೂ ಬದುಕಿದರು.

ಈಗ ನಾನು ಹೊರಡುವ ಒಂದು ವಾರ ಮುಂಚೆಯೇ ನೋಡಲು ಶುರು ಮಾಡುತ್ತೇನೆ. ಮೊದಲು 'ಮ್ಯಾಗ್ಮಾ ಇಂಡೋನೇಷ್ಯಾ' ತಾಣ. ಬೆಟ್ಟದ ಹತ್ತಿರದ ಕಾವಲು ಮನೆಯಲ್ಲಿ ಕೂತವರು ಆರು ಗಂಟೆಗೊಮ್ಮೆ ಬರೆಯುವ ವರದಿ ಅಲ್ಲಿ ಸಿಗುತ್ತದೆ. ಎಚ್ಚರಿಕೆಗೆ ನಾಲ್ಕು ಮಟ್ಟಗಳಿವೆ, ಕೆಳಗಿನಿಂದ ಮೇಲಕ್ಕೆ: ನಾರ್ಮಲ್, ವಸ್ಪಾಡಾ, ಸಿಯಾಗಾ, ಆವಾಸ್. ಎರಡನೆಯದಾದರೆ, ಬೆಟ್ಟದ ಬಾಯಿಯಿಂದ ಎಷ್ಟು ಕಿ.ಮೀ. ದೂರ ಇರಬೇಕು ಅಂತ ಬರೆದಿರುತ್ತಾರೋ ಅಷ್ಟು ದೂರ ಇರಿ. ಮೂರನೆಯದಾದರೆ ನಾನು ಆ ಬೆಟ್ಟದ ಚಾರಣವನ್ನೇ ರದ್ದು ಮಾಡುತ್ತೇನೆ. ಬೈಸಿಕೊಂಡರೂ ಸರಿ. "ಗೈಡ್ ಕರೆದುಕೊಂಡು ಹೋಗ್ತಾನಂತೆ" ಅನ್ನೋ ಮಾತಿಗೆ ಮರುಳಾಗಬೇಡಿ.

ಎರಡನೆಯದು ಆಸ್ಟ್ರೇಲಿಯಾದ ಡಾರ್ವಿನ್ ಬೂದಿ ಸಲಹಾ ಕೇಂದ್ರದ ಸೂಚನೆ. ನನಗೆ ತುಂಬಾ ಇಷ್ಟವಾದ ಕೆಲಸ ಇದು. ಬೆಟ್ಟ ಇಂಡೋನೇಷ್ಯಾದ್ದು. ಹತ್ತು ನಿಮಿಷಕ್ಕೊಮ್ಮೆ ಮೇಲಿಂದ ಫೋಟೋ ತೆಗೆಯುವ ಹಿಮಾವರಿ ಉಪಗ್ರಹ ಜಪಾನಿನದ್ದು. ಎರಡನ್ನೂ ಸೇರಿಸಿ ಬೂದಿ ಎತ್ತ ಹೋಗುತ್ತದೆ ಎಂದು ಪೈಲಟ್‌ಗಳಿಗೆ ಹೇಳುವುದು ಆಸ್ಟ್ರೇಲಿಯಾ. ಇಂಥ ಕೇಂದ್ರಗಳು ಜಗತ್ತಿನಲ್ಲಿ ಒಂಬತ್ತಿವೆ. ನಮ್ಮ ಅಂಡಮಾನಿನ ಬ್ಯಾರನ್ ದ್ವೀಪದ ಬೂದಿಯನ್ನೂ ಡಾರ್ವಿನ್ನೇ ನೋಡುತ್ತದೆ.

ಆ ಸೂಚನೆ ನೋಡಿದರೆ ಮೊದಲು ಗಾಬರಿಯಾಗುತ್ತದೆ, ಬರೀ ಅಂಕಿ. ಎರಡು ವಿಷಯ ಹುಡುಕಿದರೆ ಸಾಕು. 'ಎಫ್‌ಎಲ್ 300' (ಎಫ್‌ಎಲ್ ಅಂದರೆ ಹಾರಾಟದ ಎತ್ತರ) ಅಂತಿದ್ದರೆ ಎರಡು ಸೊನ್ನೆ ಸೇರಿಸಿ: ಬೂದಿ 30,000 ಅಡಿಯವರೆಗೆ ಹೋಗಿದೆ. ಆಮೇಲೆ ಮುಂದಿನ 6, 12, 18 ಗಂಟೆಗಳ ಅಂದಾಜು ಇರುತ್ತದೆ. ಬೂದಿಯ ದಾರಿ ಬಾಲಿಯ ಮೇಲೆ ಬರುತ್ತಿದ್ದರೆ, ಏರ್‌ಲೈನ್ ಮೆಸೇಜ್ ಬರುವ ಮುಂಚೆಯೇ ಹೋಟೆಲಿನವರಿಗೆ ಇನ್ನೊಂದು ರಾತ್ರಿ ಕೇಳಿಟ್ಟುಕೊಳ್ಳಿ. ಬಿಪಿ, ಶುಗರ್ ಮಾತ್ರೆ ಐದು ದಿನದ್ದು ಜಾಸ್ತಿ ಇರಲಿ, ಅದೂ ಕೈಚೀಲದಲ್ಲಿ. ಎನ್‌95 ಮಾಸ್ಕ್ ತಲೆಗೆ ಎರಡು. ವಿಮೆಯನ್ನು ಟಿಕೆಟ್ ಜೊತೆಗೇ ಮಾಡಿಸಿ. ಬೆಟ್ಟ ಸಿಡಿದ ಮೇಲೆ ಮಾಡಿಸಿದರೆ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ.

ಇನ್ನು ಸಮುದ್ರದ ಮಾತು. 2004ರ ಸುನಾಮಿಯ ನಂತರ ಹಿಂದೂ ಮಹಾಸಾಗರದ ದೇಶಗಳೆಲ್ಲ ಕೂಡಿ ಎಚ್ಚರಿಕೆಯ ವ್ಯವಸ್ಥೆ ಕಟ್ಟಿಕೊಂಡವು. ಹೈದರಾಬಾದಿನ ಕೇಂದ್ರ, ಆಸ್ಟ್ರೇಲಿಯಾ, ಇಂಡೋನೇಷ್ಯಾ ಮೂರೂ ಉಳಿದ ದೇಶಗಳಿಗೆ ಸುದ್ದಿ ಕಳಿಸುತ್ತವೆ. ಆದರೆ ಇದು ಮುಖ್ಯವಾಗಿ ಭೂಕಂಪ ಆದಾಗ ಎಚ್ಚರಗೊಳ್ಳುವ ವ್ಯವಸ್ಥೆ. 2018ರ ಡಿಸೆಂಬರ್ 22ರ ರಾತ್ರಿ ಇಂಡೋನೇಷ್ಯಾದ ಅನಾಕ್ ಕ್ರಕಟೌ ಎಂಬ ಜ್ವಾಲಾಮುಖಿ ದ್ವೀಪದ ಒಂದು ಮಗ್ಗುಲೇ ಸಮುದ್ರಕ್ಕೆ ಜಾರಿ ಸುನಾಮಿ ಎದ್ದಿತು. ದೊಡ್ಡ ಭೂಕಂಪವಿಲ್ಲ, ಎಚ್ಚರಿಕೆಯೂ ಇಲ್ಲ. 400ಕ್ಕೂ ಹೆಚ್ಚು ಜನ ಹೋದರು. 2022ರ ಜನವರಿ 15ರಂದು ಪೆಸಿಫಿಕ್ ಸಾಗರದ ಟೋಂಗಾ ದೇಶದ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿದಾಗ ಫೋನ್, ಇಂಟರ್ನೆಟ್ ಒಯ್ಯುವ ಸಮುದ್ರದಡಿಯ ಕೇಬಲ್ಲೇ ಕಡಿದುಹೋಯಿತು. ಹೊರಗಿನವರಿಗೆ ಅಲ್ಲಿಯವರ ದನಿಯೇ ಸಿಗಲಿಲ್ಲ.

ಹಾಗಾಗಿ ಫೋನ್ ನಂಬಿ ಕೂರಬೇಡಿ. ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಸಮುದ್ರದ ಕಡೆಯಿಂದ ಗುಡುಗಿನಂಥ ಸದ್ದು ಬಂದರೆ, ನೆಲ ತುಂಬಾ ಹೊತ್ತು ನಡುಗಿದರೆ, ಯಾರನ್ನೂ ಕೇಳದೆ ಎತ್ತರಕ್ಕೆ ಹೋಗಿ. ಚಪ್ಪಲಿ ಹುಡುಕಬೇಡಿ, ವಿಡಿಯೋ ತೆಗೆಯಬೇಡಿ. ಮೊದಲ ಅಲೆ ಬಂದು ಹೋಯಿತೆಂದು ಇಳಿಯಲೂ ಬೇಡಿ, ಹಿಂದೆ ಬರುವುದು ಅದಕ್ಕಿಂತ ದೊಡ್ಡದಿರಬಹುದು.

ಕಡಲ ದಂಡೆಯ ಹೋಟೆಲ್ ಸೇರಿದ ಮೊದಲ ಸಂಜೆಯೇ, ಚಹಾ ಕುಡಿಯುವ ಮುಂಚೆ, ಎಲ್ಲರನ್ನೂ ಮೆಟ್ಟಿಲಲ್ಲಿ ಮೇಲಿನ ಮಹಡಿಗೆ ನಡೆಸುತ್ತೇನೆ. ಲಿಫ್ಟ್ ಇಲ್ಲ. ಆ ಅಜ್ಜಿ ಹೋದ ವರ್ಷ ಮತ್ತೆ ಬಂದಿದ್ದರು. ಮೊಣಕಾಲು ಹಿಡಿದುಕೊಂಡು ಒಂದೊಂದೇ ಎಣಿಸುತ್ತಾ ಹತ್ತಿದರು. ಮೇಲೆ ನಿಂತು ಏದುಸಿರು ಬಿಡುತ್ತಾ ಹೇಳಿದರು, "ಐವತ್ತೆಂಟು ಅದಾವು. ನನ್ ಖೋಲಿ ಇಲ್ಲೇ ಮ್ಯಾಲೆ ಮಾಡಸ್ ಯವ್ವಾ."

ಮಾಡಿಸಿಕೊಟ್ಟೆ.