ಉಗುರು ಮಾಂಸಕ್ಕೆ ಚುಚ್ಚುತ್ತಿದ್ದರೆ ಮೂಲೆ ಕತ್ತರಿಸಬೇಡಿ

ಕಾಲಿನ ಹೆಬ್ಬೆರಳ ಉಗುರು ಪಕ್ಕದ ಮಾಂಸಕ್ಕೆ ಚುಚ್ಚಿ ನೋಯುತ್ತಿದ್ದರೆ, ಮೂಲೆಯನ್ನು ಇನ್ನಷ್ಟು ಆಳಕ್ಕೆ ಕತ್ತರಿಸಲು ಹೋಗಬೇಡಿ. ಆ ಕ್ಷಣಕ್ಕೆ ಹಾಯೆನಿಸುತ್ತದೆ ನಿಜ, ಆದರೆ ಒಳಗುಳಿದ ಚೂಪು ತುಣುಕು ಬೆಳೆಯುತ್ತಾ ಮತ್ತೆ ಚುಚ್ಚುತ್ತದೆ. ನಾನು ಕಲಿತದ್ದೂ ಹೀಗೆ ಕೆಡಿಸಿಕೊಂಡೇ! ಬಿಗಿ ಶೂ, ಬೆರಳಿಗೆ ಬಿದ್ದ ಪೆಟ್ಟೂ ಕಾರಣವಾಗಬಹುದು.

ದಿನಕ್ಕೆ 3-4 ಸಲ, 10-20 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಪಾದ ನೆನೆಸಿ, ಚೆನ್ನಾಗಿ ಒರೆಸಿ. ಗುಣವಾಗುವವರೆಗೆ ಬೆರಳು ತೆರೆದಿರುವ ಚಪ್ಪಲಿ ಹಾಕಿ. ಮುಂದೆ ಉಗುರನ್ನು ದುಂಡಗೆ ಬೇಡ, ನೇರವಾಗಿ ಕತ್ತರಿಸಿ.

ಕೀವು ತುಂಬಿದರೆ, ಕೆಂಪು ಹರಡಿದರೆ ವೈದ್ಯರಿಗೆ ತೋರಿಸಿ. ಬೆರಳು ಮರಗಟ್ಟಿಸಿ ಉಗುರಿನ ಅಂಚನ್ನಷ್ಟೇ ತೆಗೆಯುತ್ತಾರೆ. ಪದೇ ಪದೇ ಕಾಡುತ್ತಿದ್ದರೆ ಉಗುರಿನ ಬುಡಕ್ಕೆ ಫಿನಾಲ್ ಎಂಬ ರಾಸಾಯನಿಕ ಹಚ್ಚುವುದುಂಟು, ಆ ಅಂಚು ಮತ್ತೆ ಬೆಳೆಯದಿರಲೆಂದು. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಮನೆಮದ್ದು ಮಾಡುತ್ತಾ ಕೂರದೆ ಮೊದಲೇ ತೋರಿಸಿಬಿಡಿ.